ಆ ಎಣ್ಣೆ ಯಾವುದಕ್ಕೆ ಹೋಯ್ತು?

ಯುವಜನರ ಆರಾಧನೆಯ ಪ್ರಸಂಗ
ವಾಕ್ಯಭಾಗ: ಎರಡನೆಯ ಅರಸುಗಳು 4:1–7, ನೆಹೆಮೀಯ 5:1–13

ಬೈಬಲ್ ತಂದವರು ಬೈಬಲ್ ತೆಗೀರಿ, ಮೊಬೈಲಿನಲ್ಲಿ ಓದುವವರು ಮೊಬೈಲ್ ತೆಗೀರಿ, ವಾಟ್ಸಾಪ್ ಮಾತ್ರ ಬ್ಯಾಡ. ಎರಡನೆಯ ಅರಸುಗಳು ನಾಲ್ಕನೇ ಅಧ್ಯಾಯ, ಒಂದರಿಂದ ಏಳನೇ ವಚನ. ಸಿಕ್ಕವರು ಆಮೆನ್ ಹೇಳ್ರಿ.

ಇದು ನಮಗೆಲ್ಲ ಗೊತ್ತಿರುವ ಭಾಗ. ಪ್ರವಾದಿಗಳ ಮಂಡಳಿಯಲ್ಲಿದ್ದ ಒಬ್ಬ ಸೇವಕ ತೀರಿಹೋಗಿದ್ದಾನೆ. ಅವನ ಹೆಂಡತಿ ಎಲೀಷನ ಹತ್ತಿರ ಬಂದು ಗೋಳಾಡುತ್ತಾಳೆ. ತನ್ನ ಗಂಡ ದೇವರಿಗೆ ಭಯಪಟ್ಟು ಬದುಕಿದವನೆಂದು ಎಲೀಷನಿಗೇ ಗೊತ್ತು ಅನ್ನುತ್ತಾಳೆ. ಆದರೂ ಸಾಲ ಉಳಿದಿದೆ. ಸಾಲ ಕೊಟ್ಟವನು ಬಂದಿದ್ದಾನೆ. ಅವನು ಮನೆಯ ಪಾತ್ರೆ ಕೇಳುತ್ತಿಲ್ಲ, ದನ ಕೇಳುತ್ತಿಲ್ಲ. ಆಕೆಯ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲಿಕ್ಕೆ ಬಂದಿದ್ದಾನೆ.

ಈ ಭಾಗದ ಮೇಲೆ ನಾವು ಎಷ್ಟು ಪ್ರಸಂಗ ಕೇಳಿದ್ದೇವೆ! ಎಣ್ಣೆ ಅಂದ್ರ ಅಭಿಷೇಕ. ಬರಿದಾದ ಪಾತ್ರೆ ಅಂದ್ರ ನಾವು. ಬಾಗಿಲು ಮುಚ್ಚಿಕೊಳ್ಳೋದು ಅಂದ್ರ ಏಕಾಂತ ಪ್ರಾರ್ಥನೆ. ಅದೆಲ್ಲ ಖರೆ, ನಾನೂ ಹಂಗೇ ಬೋಧಿಸಿದ್ದೇನೆ, ಮುಂದೆಯೂ ಬೋಧಿಸುತ್ತೇನೆ. ಆದರೆ ಇವತ್ತು ಏಳನೇ ವಚನದ ಮೇಲೆ ಬೆರಳಿಟ್ಟು ಓದ್ರಿ. ಪಾತ್ರೆಗಳೆಲ್ಲ ತುಂಬಿದ ಮೇಲೆ ಪ್ರವಾದಿ ಏನು ಮಾಡು ಅಂದ? ಎಣ್ಣೆ ಮಾರಿ ಸಾಲ ತೀರಿಸಬೇಕು, ಉಳಿದದ್ದರಲ್ಲಿ ತಾಯಿ ಮಕ್ಕಳು ಜೀವನ ಮಾಡಬೇಕು. ದೇವರು ಕೊಟ್ಟ ಅದ್ಭುತದ ಎಣ್ಣೆ ಸಂತೆಗೆ ಹೋಯ್ತು. ಇಬ್ಬರು ಹುಡುಗರನ್ನು ಸಾಲದಿಂದ ಬಿಡಿಸಲಿಕ್ಕೆ ಹೋಯ್ತು. ಮಕ್ಕಳು ಜೀತಕ್ಕೆ ಹೋಗಬಾರದು ಅಂತ ದೇವರು ಅದ್ಭುತ ಮಾಡಿದನು. ಹಲ್ಲೆಲೂಯಾ.

ಪ್ರಿಯರೇ, ಇವತ್ತು ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೇ ಮಾತು: ಸಾಲ ದೊಡ್ಡವರು ಮಾಡುತ್ತಾರೆ, ತೀರಿಸೋದು ಮಕ್ಕಳು

ಈ ಸಭೆಯಲ್ಲಿ ಆಳಂದದವರು ಇದ್ದೀರಿ, ಅಫಜಲಪುರದವರು ಇದ್ದೀರಿ, ಜೇವರ್ಗಿಯವರು ಇದ್ದೀರಿ. ಓದಲಿಕ್ಕೆ, ಕೆಲಸಕ್ಕೆ ಅಂತ ಕಲಬುರಗಿಗೆ ಬಂದು ರೂಮ್ ಮಾಡಿಕೊಂಡು ಇದ್ದೀರಿ. ಇದನ್ನು ಆನ್‌ಲೈನಿನಲ್ಲಿ ಓದುವವರು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಇದ್ದೀರಿ. ನಿಮಗೆ ನಾನು ಊರಿನ ಸುದ್ದಿ ಹೊಸದಾಗಿ ಹೇಳಬೇಕಾಗಿಲ್ಲ, ನೆನಪು ಮಾಡಿಸಿದರೆ ಸಾಕು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಈ ಮೂರೂ ತಾಲೂಕುಗಳು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿತ್ತು, ನಮ್ಮ ಜಿಲ್ಲೆಯದು ಶೇ. 65 ಕೂಡ ಮುಟ್ಟಿರಲಿಲ್ಲ. ಭೂಮಿ ಕಪ್ಪು, ತೊಗರಿಗೆ ಹೆಸರಾದ ಭೂಮಿ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಆದರೆ ಬಹಳಷ್ಟು ಹೊಲ ಮಳೆಯನ್ನೇ ನಂಬಿರೋದು. ಮಳೆ ಕೈಕೊಟ್ಟ ವರ್ಷ ಭೀಮಾ ನದಿ ಪಕ್ಕದಲ್ಲೇ ಇದ್ದರೂ ನೀರು ಇಲ್ಲದ ಊರು ಎಷ್ಟೋ ಇವೆ.

ಒಂದು ಮನೆ ಇಟ್ಕೊಳ್ರಿ. ಎರಡು ಎಕರೆ ಒಣಬೇಸಾಯ, ಅಥವಾ ಅದೂ ಇಲ್ಲ. ಅಜ್ಜನ ಆಪರೇಷನ್ ಆಯ್ತು, ಇಲ್ಲಾ ಅಕ್ಕನ ಮದುವಿ ಆಯ್ತು, ಇಲ್ಲಾ ಬೋರ್‌ವೆಲ್ ಹಾಕಿಸಿ ನೀರು ಬೀಳಲಿಲ್ಲ. ಐವತ್ತು ಸಾವಿರ ಸಾಲ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಅಂದ್ರ ತಿಂಗಳಿಗೆ 1,500, ವರ್ಷಕ್ಕೆ 18,000 ಬರೀ ಬಡ್ಡಿ. ಅಸಲು ಹಂಗೇ ಕುಂತಿದೆ. ಈಗ ಕಬ್ಬು ಕಡಿಯುವ ಗ್ಯಾಂಗ್ ಕಟ್ಟುವ ಮುಕಾದಮ ಬಂದು ಮುಂಗಡ ಕೊಡುತ್ತೇನೆ ಅಂತಾನೆ. ಇಲ್ಲಾ ಮುಂಬೈ, ಪುಣೆಯ ಬಿಲ್ಡಿಂಗ್ ಕೆಲಸಕ್ಕೆ ಕರೆಯುವ ಮೇಸ್ತ್ರಿ ಬರುತ್ತಾನೆ. ಅಪ್ಪ ದುಡ್ಡು ಎಣಿಸಿಕೊಂಡು ಹಳೇ ಸಾಲ ತೀರಿಸುತ್ತಾನೆ. ಅಲ್ಲಿಗೆ ಸಾಲ ತೀರಿತೇನು? ಸಾಲ ಕೊಟ್ಟವನು ಮಾತ್ರ ಬದಲಾದ. ಮೊದಲು ದುಡ್ಡು ಕೊಟ್ಟು ತೀರಿಸಬೇಕಿತ್ತು, ಈಗ ಮೈ ಕೊಟ್ಟು ತೀರಿಸಬೇಕು.

ಆಮೇಲೆ ಗುಳೆ. ದಸರಾ, ದೀಪಾವಳಿ ಹೊತ್ತಿಗೆ ಹೊರಟರೆ ತಿರುಗಿ ಬರೋದು ಯುಗಾದಿ ಹೊತ್ತಿಗೆ. ಶಾಲೆ ಜೂನಿನಲ್ಲಿ ಶುರು, ಏಪ್ರಿಲಿನಲ್ಲಿ ಮುಗಿಯುತ್ತದೆ. ಲೆಕ್ಕ ನೀವೇ ಹಾಕ್ರಿ. ಶಾಲೆಯ ಅರ್ಧ ವರ್ಷ ಆ ಮಗು ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಇದೆ. ಗಂಡ ಹೆಂಡತಿ ಬೆಳಗಾಗೋದಕ್ಕೆ ಮುಂಚೆ ಕಡಿಯಲಿಕ್ಕೆ ಹೋದರೆ, ಹತ್ತು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು, ನೀರು ತಂದು, ರೊಟ್ಟಿ ಬಡಿದು, ಕಬ್ಬಿನ ಸಿವುಡು ಕಟ್ಟಲಿಕ್ಕೆ ಕೈ ಕೊಡುತ್ತಾಳೆ. ಅವಳಿಗೆ ಕೂಲಿ ಯಾರೂ ಕೊಡೋದಿಲ್ಲ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ, ಶಾಲೆಯದರಲ್ಲೂ ಇಲ್ಲ, ಕೆಲಸದದರಲ್ಲೂ ಇಲ್ಲ.

ಗುಳೆ ಹೋಗದವರ ಮನೆಯಲ್ಲಿ ಹತ್ತಿ ಬಿಡಿಸುವ ಕಾಲ ಬರುತ್ತದೆ. ಜೇವರ್ಗಿ ಕಡಿ ಹೊಲ ಬೆಳ್ಳಗೆ ಕಂಡಾಗ ಫೋಟೋ ಚಂದ ಬರುತ್ತದೆ. ಆದರೆ ಆ ವಾರಗಳಲ್ಲಿ ಶಾಲೆಯ ಬೆಂಚು ಖಾಲಿ ಆಗುತ್ತದೆ. ಮಗುವಿಗೆ ದೊಡ್ಡವರ ಕೂಲಿ ಯಾರು ಕೊಡುತ್ತಾರೆ? ಕಡಿಮೆ ಕೂಲಿಗೆ ಹುಡುಗ ಸಿಗುವಾಗ ಅವನ ಅಪ್ಪನಿಗೆ ಪೂರ್ತಿ ಕೂಲಿ ಕೊಡೋ ಗರಜು ಮಾಲೀಕನಿಗೆ ಇಲ್ಲ. ಹಿಂಗಾಗಿ ಮಗು ದುಡಿದಷ್ಟೂ ಅಪ್ಪನ ಕೂಲಿ ಇಳಿಯುತ್ತದೆ. ಅಪ್ಪನ ಕೂಲಿ ಇಳಿದಷ್ಟೂ ಮಗು ದುಡಿಯಬೇಕಾಗುತ್ತದೆ. ಬಡತನದಿಂದ ಬಾಲಕಾರ್ಮಿಕರು ಆಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಬಾಲಕಾರ್ಮಿಕರಿಂದಲೂ ಬಡತನ ಉಳಿಯುತ್ತದೆ, ಅದನ್ನು ಹೇಳುವವರು ಕಡಿಮೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು ಒಂದು ಕೋಟಿಗಿಂತ ಹೆಚ್ಚು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಅಂದಾಜಿನಂತೆ ಇಡೀ ಜಗತ್ತಿನಲ್ಲಿ 13.8 ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ದುಡಿಯೋದು ಹೊಲದಲ್ಲೇ. ಬಾಲಕಾರ್ಮಿಕ ಅಂದ ಕೂಡಲೇ ನಮಗೆ ಪಟಾಕಿ ಕಾರ್ಖಾನೆ ನೆನಪಾಗುತ್ತದೆ. ನಮ್ಮ ತೊಗರಿ ಹೊಲ, ಹತ್ತಿ ಹೊಲ ನೆನಪಾಗೋದಿಲ್ಲ.

ಇಲ್ಲೊಂದು ಮಾತು ಮರೀಬ್ಯಾಡ್ರಿ. ವಾಕ್ಯದಲ್ಲಿ ಆ ಸಾಲದ ಮನೆ ಯಾರದು? ದೇವರ ಸೇವಕನದು. ವಿಶ್ವಾಸ ಕಡಿಮೆ ಇದ್ದದ್ದಕ್ಕೆ ಸಾಲ ಆಯ್ತು ಅಂತ ಎಲೀಷನು ಆಕೆಗೆ ಬೋಧಿಸಲಿಲ್ಲ. ಗಂಡನ ತಪ್ಪು ಹುಡುಕಲಿಲ್ಲ. ತಾನು ಏನು ಮಾಡಬೇಕು, ಮನೆಯಲ್ಲಿ ಏನಿದೆ, ಇವೆರಡನ್ನೇ ಕೇಳಿದ. ಸಭೆಗೆ ಒಬ್ಬ ತಾಯಿ ಕಣ್ಣೀರು ಹಾಕುತ್ತಾ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಅವು.

ಎರಡನೇ ಮಾತು: ಕಾನೂನು ಆಗಲೇ ಆಕೆಯ ಪರವಾಗಿದೆ

ಈಗ ನೆಹೆಮೀಯ ಐದನೇ ಅಧ್ಯಾಯ. ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸ ಜೋರಾಗಿ ನಡೆದಿದೆ. ಆಗ ಜನ ಮತ್ತು ಅವರ ಹೆಂಡಂದಿರು ಕೂಗಾಡುತ್ತಾರೆ. ಬರಗಾಲದಲ್ಲಿ ಕಾಳಿಗಾಗಿ ಹೊಲ, ತೋಟ, ಮನೆ ಒತ್ತೆ ಇಟ್ಟಿದ್ದಾರೆ. ತೆರಿಗೆ ಕಟ್ಟಲಿಕ್ಕೆ ಸಾಲ ಮಾಡಿದ್ದಾರೆ. ಕೊನೆಗೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಜೀತಕ್ಕೆ ಕೊಟ್ಟಿದ್ದಾರೆ. ಸಾಲ ಕೊಟ್ಟವರು ಪರಜನಾಂಗದವರಲ್ಲ, ಒಂದೇ ದೇವರನ್ನು ಆರಾಧಿಸುವ ಸಹೋದರರೇ.

ನೆಹೆಮೀಯ ಪ್ರಾರ್ಥನಾ ಮನುಷ್ಯ. ಉಪವಾಸ ಮಾಡಿ ಅತ್ತವನು. ಆದರೆ ಇದನ್ನು ಕೇಳಿದಾಗ ಅವನಿಗೆ ಬಂದದ್ದು ಸಿಟ್ಟು. ಯೋಚನೆ ಮಾಡಿ, ದೊಡ್ಡ ಸಭೆ ಕೂಡಿಸಿ, ಎಲ್ಲರ ಮುಂದೆ ಆ ದೊಡ್ಡ ಮನುಷ್ಯರನ್ನು ಗದರಿಸಿದ. ಹೊಲ, ಮನೆ ತಿರುಗಿ ಕೊಡಬೇಕು, ನೂರಕ್ಕೆ ಒಂದರಂತೆ ತೊಗೊಂಡದ್ದನ್ನೂ ಬಿಡಬೇಕು ಅಂದ. ನೂರಕ್ಕೆ ಒಂದು! ನಮ್ಮ ಕಡಿ ನೂರಕ್ಕೆ ಮೂರು, ನೂರಕ್ಕೆ ಐದು ಕೊಟ್ಟು ರೂಢಿ ಆಗಿಬಿಟ್ಟದೆ. ಅವರು ಒಪ್ಪಿಕೊಂಡಾಗ ನೆಹೆಮೀಯ ಬರೀ ಮಾತು ನಂಬಲಿಲ್ಲ, ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ. ಅಂದ್ರ ಅದನ್ನು ಕಟ್ಟಳೆ ಮಾಡಿದ. ಬರೀ ಕನಿಕರ ಇದ್ದರೆ ಮಕ್ಕಳು ಮನೆಗೆ ಬರೋದಿಲ್ಲ, ಕಟ್ಟಳೆಯೂ ಬೇಕು ಅಂತ ಅವನಿಗೆ ಗೊತ್ತಿತ್ತು.

ನಮ್ಮ ದೇಶದಲ್ಲಿ ಆ ಕಟ್ಟಳೆ ಇದೆ. ವಿಶ್ವಾಸಿಗಳಾದ ನಾವು ಅದನ್ನು ತಿಳಿದಿರಬೇಕು. ಸ್ವಲ್ಪ ಗಮನ ಕೊಡ್ರಿ, ಬರಕೊಳ್ಳುವವರು ಬರಕೊಳ್ರಿ.

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 24ನೇ ವಿಧಿ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿ ಆಯ್ತು. ಈಗ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ಒಳಗಿನವರನ್ನು ಗಣಿ, ಸ್ಫೋಟಕ, ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಇಟ್ಟುಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ತಂದೆತಾಯಿಗೆ ಕಾನೂನು ಅಷ್ಟು ಬಿರುಸಿಲ್ಲ. ಒಮ್ಮೆ ತಪ್ಪಿತಸ್ಥರಾಗಿ ಮತ್ತೆ ಅದನ್ನೇ ಮಾಡಿದರೆ 10 ಸಾವಿರದವರೆಗೆ ದಂಡ. ಮಾಲೀಕ ಕಟ್ಟಿದ ದಂಡ ಮಗುವಿನ ಪುನರ್ವಸತಿ ನಿಧಿಗೆ ಹೋಗುತ್ತದೆ, ಅದಕ್ಕೆ ಸರ್ಕಾರ ಪ್ರತಿ ಮಗುವಿಗೆ 15 ಸಾವಿರ ಸೇರಿಸಬೇಕು.

ಒಂದು ವಿನಾಯಿತಿ ಇದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮಗು ತನ್ನ ಮನೆಯವರ ಕೆಲಸಕ್ಕೆ ಕೈ ಜೋಡಿಸಬಹುದು. ಅಮ್ಮನ ಸಂಗಡ ಹೊಲಕ್ಕೆ ಹೋಗಿ ಬುತ್ತಿ ಕೊಟ್ಟು ಬರೋದು, ದನಕ್ಕೆ ಮೇವು ಹಾಕೋದು ತಪ್ಪಲ್ಲ, ನಾವೆಲ್ಲ ಹಂಗೇ ಬೆಳೆದವರು. ಆದರೆ ಇದರ ಹೆಸರಿನಲ್ಲಿ ಆಗೋ ಮೋಸವನ್ನೂ ನೋಡ್ರಿ. ಬೇರೆಯವರ ಹೊಲದಲ್ಲಿ, ಬೇರೆಯವರ ಸಾಲಕ್ಕಾಗಿ, ಶಾಲೆ ಬಿಡಿಸಿ ದುಡಿಸೋದನ್ನು ಮನೆಯವರಿಗೆ ಸಹಾಯ ಅಂತ ಕರೆಯಲಿಕ್ಕೆ ಆಗೋದಿಲ್ಲ. 2017ರಲ್ಲಿ ಬಂದ ನಿಯಮಗಳ ಪ್ರಕಾರ ಮಗು 30 ದಿನ ಸತತವಾಗಿ ಹೇಳದೆ ಶಾಲೆಗೆ ಬರದಿದ್ದರೆ ಹೆಡ್‌ಮಾಸ್ತರರು ಅಧಿಕಾರಿಗೆ ತಿಳಿಸಬೇಕು.

ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗು ಶಾಲೆ ಬಿಟ್ಟು ಎರಡು ವರ್ಷ ಆಗಿದ್ದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಗುಳೆ ಹೋಗಿ ಬಂದ ಮಕ್ಕಳಿಗೆ ಇದಕ್ಕಿಂತ ಬೇಕಾದ ಕಾನೂನು ಇನ್ನೊಂದಿಲ್ಲ. ಶಾಲೆಯಲ್ಲಿ ಬಿಸಿಯೂಟ ಇದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ನಮ್ಮ ಈ ಭಾಗದ ಜಿಲ್ಲೆಗಳಲ್ಲಿ. ಯಾಕಂದ್ರ ಹಸಿದ ಮಗುವನ್ನು ಶಾಲೆಗೆ ಕರೆಯಲಿಕ್ಕೆ ಮೊದಲು ಊಟ ಬೇಕು.

ಕೊನೆಯದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ, ಜೀತಕ್ಕೆ ಕಾರಣವಾದ ಸಾಲ ರದ್ದು. ಆ ಸಾಲವನ್ನು ತೀರಿಸುವ ಹೊಣೆ ಆ ಮನೆಗೆ ಇಲ್ಲ. ವಿಧವೆಯ ಮಕ್ಕಳನ್ನು ಒಯ್ಯಲಿಕ್ಕೆ ಬಂದವನಿಗೆ ಈ ದೇಶದಲ್ಲಿ ಕಾನೂನಿನ ಬೆಂಬಲ ಇಲ್ಲ, ಅವನೇ ಅಪರಾಧಿ. ಆದರೆ ಆ ತಾಯಿಗೆ ಇದು ಗೊತ್ತಿಲ್ಲ. ಮುಂಗಡ ಕೊಟ್ಟವನ ಮುಂದೆ ಆಕೆ ಇವತ್ತಿಗೂ ತಲೆ ತಗ್ಗಿಸಿ ನಿಂತಿದ್ದಾಳೆ.

ದೇವಜನರೇ, ರದ್ದಾದ ಸಾಲಪತ್ರ ಅಂದ್ರ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಎರಡನೇ ಅಧ್ಯಾಯದಲ್ಲಿ ಪೌಲನು ಹೇಳುವಂತೆ ನಮ್ಮ ಮೇಲಿದ್ದ ಪತ್ರ ಶಿಲುಬೆಗೆ ಜಡಿದು ಹೋಯ್ತು. ಸೈತಾನನು ಬಂದು ಹಳೇ ಲೆಕ್ಕ ತೋರಿಸಿದಾಗ ನಾವು ರಕ್ತದ ಬಲದಿಂದ ಎದುರು ನಿಲ್ಲುತ್ತೇವೆ. ನಮ್ಮ ಪತ್ರ ರದ್ದಾದ ಸಂತೋಷದಲ್ಲಿ ಹಾಡುತ್ತಾ ಕುಂತು, ಪಕ್ಕದ ಮನೆಯ ಮಗು ರದ್ದಾದ ಸಾಲಕ್ಕೆ ದುಡಿಯೋದನ್ನು ನೋಡುತ್ತಾ ಇರಬಹುದೇನು?

ಮೂರನೇ ಮಾತು: ನೆರೆಯವರು ಪಾತ್ರೆ ಕೊಡಬೇಕು

ಮತ್ತೆ ಎರಡನೆಯ ಅರಸುಗಳಿಗೆ ಬರ್ರಿ. ವಿಧವೆಯ ಮನೆಯಲ್ಲಿ ಇದ್ದದ್ದು ಒಂದು ಮೊಗೆ ಎಣ್ಣೆ. ಹೆಚ್ಚು ಮಾಡಿದವನು ದೇವರು. ಆದರೆ ಪಾತ್ರೆ ಎಲ್ಲಿಂದ ಬಂದವು? ನೆರೆಹೊರೆಯವರ ಮನೆಯಿಂದ. ಆರನೇ ವಚನ ನೋಡ್ರಿ, ಪಾತ್ರೆ ಮುಗಿದ ಕೂಡಲೇ ಎಣ್ಣೆ ನಿಂತುಹೋಯ್ತು. ದೇವರ ಕಡೆಯಿಂದ ಕೊರತೆ ಆಗಲಿಲ್ಲ. ಎಣ್ಣೆ ಎಷ್ಟು ಸುರಿಯಬೇಕು ಅಂತ ನೆರೆಯವರು ಕೊಟ್ಟ ಪಾತ್ರೆ ತೀರ್ಮಾನಿಸಿದವು. ಆ ಓಣಿಯಲ್ಲಿ ಒಬ್ಬರೂ ಪಾತ್ರೆ ಕೊಡದೇ ಹೋಗಿದ್ದರೆ? ಅದನ್ನು ಮನಸ್ಸಿನಲ್ಲಿ ಇಟ್ಕೊಳ್ರಿ.

ನೀವು ಕೊಡಬಹುದಾದ ಪಾತ್ರೆ ಯಾವುವು?

ಮೊದಲು ನಮ್ಮ ಮನೆ. ಊರಿಂದ ಒಂದು ಹುಡುಗಿಯನ್ನು ಕರಕೊಂಡು ಬಂದಿದ್ದೇವೆ, ಕೂಸು ನೋಡಿಕೊಳ್ಳುತ್ತಾಳೆ, ನಾವೇ ಊಟ ಬಟ್ಟೆ ಕೊಡುತ್ತೇವೆ, ಮನೆಮಗಳ ಹಂಗೆ ಇದ್ದಾಳೆ. ಹಿಂಗೆ ಹೇಳುವವರು ವಿಶ್ವಾಸಿಗಳಲ್ಲೂ ಇದ್ದಾರೆ. ಮನೆಮಗಳಾದರೆ ನಿಮ್ಮ ಮಗಳು ಶಾಲೆಗೆ ಹೋದಾಗ ಅವಳು ಯಾಕೆ ಪಾತ್ರೆ ತೊಳೀತಾ ಇದ್ದಾಳೆ? 2006ರ ಅಕ್ಟೋಬರ್ 10ರಿಂದಲೇ ಮನೆಗೆಲಸ, ಹೋಟೆಲ್, ಧಾಬಾ, ಚಹಾದಂಗಡಿಯಲ್ಲಿ 14ರೊಳಗಿನ ಮಕ್ಕಳನ್ನು ಇಟ್ಟುಕೊಳ್ಳೋದು ನಿಷೇಧ. ಪ್ರಾರ್ಥನೆ ಮುಗಿಸಿ ಚಹಾ ಕುಡಿಯಲಿಕ್ಕೆ ಹೋದಾಗ ಗ್ಲಾಸು ತಂದಿಟ್ಟವನ ಮುಖ ನೋಡ್ರಿ. ಗಾಡಿ ರಿಪೇರಿಗೆ ಬಿಟ್ಟಾಗ ಕೆಳಗೆ ಮಲಗಿ ನಟ್ಟು ಬಿಚ್ಚುವವನ ವಯಸ್ಸು ಕೇಳ್ರಿ.

ಕೆಲವರು ಕೇಳುತ್ತಾರೆ, ಬ್ರದರ್, ಯೇಸು ಸ್ವಾಮಿಯೂ ಬಡಗಿ ಕೆಲಸ ಮಾಡಲಿಲ್ಲೇನು? ಮಾಡಿದನು, ದುಡಿಮೆಗೆ ಗೌರವ ತಂದನು. ಆದರೆ ಲೂಕ ಎರಡನೇ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ಎಲ್ಲಿ ಸಿಕ್ಕನು? ದೇವಾಲಯದಲ್ಲಿ, ಬೋಧಕರ ನಡುವೆ ಕುಳಿತು, ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದನು. ಹನ್ನೆರಡು ವರ್ಷದ ಮಗು ಇರಬೇಕಾದ ಜಾಗ ಅದು. ನಮ್ಮ ಆಳಂದದ, ಅಫಜಲಪುರದ, ಜೇವರ್ಗಿಯ ಹನ್ನೆರಡು ವರ್ಷದವರಿಗೂ ಅದೇ ಜಾಗ ಬೇಕು.

ಎರಡನೇ ಪಾತ್ರೆ, ನಿಮ್ಮ ಓದು. ಅರ್ಜಿ ಬರೆಯಲಿಕ್ಕೆ ಬರುತ್ತದೆ, ಆಫೀಸಿಗೆ ಹೋಗಿ ಮಾತಾಡಲಿಕ್ಕೆ ಬರುತ್ತದೆ. ಊರಿಗೆ ಹೋದಾಗ ದಸರಾಕ್ಕೆ ಮುಂಚೆ ಯಾರ ಮನೆಯವರು ಗುಳೆ ಹೊರಟಿದ್ದಾರೆ ಕೇಳ್ರಿ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಲಿಕ್ಕೆ ಆಗುತ್ತದೇನು, ವಸತಿ ಶಾಲೆಯಲ್ಲಿ ಸೀಟು ಸಿಗುತ್ತದೇನು ಅಂತ ಮಾಸ್ತರರ ಸಂಗಡ ಕುಂತು ಮಾತಾಡ್ರಿ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇಂಥ ಮಕ್ಕಳಿಗಾಗಿಯೇ ಇವೆ. ಅರ್ಜಿ ಹಾಕುವವರು ಬೇಕು, ಅದು ನೀವೇ ಆಗ್ರಿ.

ಮೂರನೇ ಪಾತ್ರೆ, ನಿಮ್ಮ ಫೋನ್. 1098 ಮಕ್ಕಳ ಸಹಾಯವಾಣಿ, 24 ತಾಸೂ ಇರುತ್ತದೆ. ದುಡಿಯುತ್ತಿರುವ ಮಗು ಕಂಡರೆ ಅದಕ್ಕೆ ಹಚ್ಚರಿ. ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ, ಪೊಲೀಸರಿಗೆ ತಿಳಿಸಬಹುದು. ಜೀತದ ವಿಷಯ ಆದರೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ಮಗುವಿನ ವಿಡಿಯೋ ಮಾಡಿ ಗ್ರೂಪಿಗೆ ಹಾಕಬ್ಯಾಡ್ರಿ. ಅದರಿಂದ ಮಗುವಿಗೂ ಮನೆಯವರಿಗೂ ಅವಮಾನ.

ನಾಲ್ಕನೇ ಪಾತ್ರೆ, ದುಡ್ಡು. ಮಗುವನ್ನು ಬಿಡಿಸಿ ಸಾಲದ ಮನೆಗೇ ವಾಪಸ್ ಬಿಟ್ಟರೆ ಮುಂದಿನ ಹಂಗಾಮಿಗೆ ಅದು ಮತ್ತೆ ಹೋಗುತ್ತದೆ. ಅದಕ್ಕೇ ಏಳನೇ ವಚನದಲ್ಲಿ ಎರಡು ಭಾಗ ಇವೆ, ಸಾಲವೂ ತೀರಬೇಕು, ಮುಂದೆ ಬದುಕಲಿಕ್ಕೂ ಉಳಿಯಬೇಕು. ಒಂದು ತಿಂಗಳ ಪಿಜ್ಜಾ, ಒಂದು ಹೊಸ ಶೂ ಬಿಟ್ಟು ಒಂದು ಮನೆಗೆ ನಿಂತರೆ ಸಾಕು. ಹತ್ತು ಜನ ಸೇರಿದರೆ ಒಂದು ಮನೆಯ ಆಸ್ಪತ್ರೆ ಖರ್ಚಿಗೆ ಮುಕಾದಮನ ಮುಂಗಡ ಬೇಕಾಗೋದಿಲ್ಲ. ಆದರೆ ನೆನಪಿಡ್ರಿ, ಇದನ್ನು ಸಭೆಗೆ ಸೇರಬೇಕು ಅನ್ನೋ ಷರತ್ತಿನ ಮೇಲೆ ಕೊಡಬ್ಯಾಡ್ರಿ. ಎಲ್ಲ ಜಾತಿ, ಎಲ್ಲ ಮತದ ಮನೆಗೂ ಕೊಡ್ರಿ. ದೇವರು ಮಳೆ ಸುರಿಸುವಾಗ ಯಾರ ಹೊಲ ಅಂತ ಕೇಳೋದಿಲ್ಲ.

ಮುಗಿಸುತ್ತೇನೆ. ನೆಹೆಮೀಯ 5:13 ಒಮ್ಮೆ ನೋಡ್ರಿ. ನಾವು ಹಾಡಿಗೆ ಆಮೆನ್ ಅನ್ನುತ್ತೇವೆ, ಆಶೀರ್ವಾದಕ್ಕೆ ಆಮೆನ್ ಅನ್ನುತ್ತೇವೆ. ಅಲ್ಲಿ ಇಡೀ ಸಭೆ ಆಮೆನ್ ಅಂದದ್ದು ಯಾವಾಗ? ಹೊಲ ಮನೆ ತಿರುಗಿ ಕೊಡುತ್ತೇವೆ ಅಂತ ಪ್ರಮಾಣ ಮಾಡಿದಾಗ. ಬರೀ ಆಮೆನ್ ಅಂದು ಮನೆಗೆ ಹೋಗಲಿಲ್ಲ, ಆ ಮಾತಿನಂತೆ ಮಾಡಿದರು ಅಂತಲೂ ಬರೆದಿದೆ. ಜೆಕರ್ಯ ಎಂಟನೇ ಅಧ್ಯಾಯದಲ್ಲಿ ದೇವರು ತನ್ನ ಪಟ್ಟಣದ ಗುರುತು ಹೇಳುತ್ತಾನೆ, ಹುಡುಗ ಹುಡುಗಿಯರು ಬೀದಿ ತುಂಬ ಆಡುತ್ತಿರುತ್ತಾರೆ. ಮಕ್ಕಳು ಆಡುವ ಬೀದಿಯಲ್ಲಿ ದೇವರಿಗೆ ಸಂತೋಷ ಇದೆ.

ಎದ್ದು ನಿಲ್ಲೋಣ. ಇವತ್ತು ಅಭಿಷೇಕ ಬೇಕು ಅನ್ನುವವರು ಕೈ ಎತ್ತುವ ಮೊದಲು ಒಂದು ಮನೆಯನ್ನು ಮನಸ್ಸಿಗೆ ತರ್ರಿ. ನಿಮ್ಮ ಊರಲ್ಲೋ, ನಿಮ್ಮ ಓಣಿಯಲ್ಲೋ ಇರುವ ಒಂದೇ ಮನೆ. ಪ್ರಾರ್ಥನೆ ಮಾಡೋಣ.

ಪ್ರೀತಿಯ ತಂದೆಯೇ, ವಿಧವೆಯ ಕೂಗು ಕೇಳಿದ ದೇವರೇ, ನಿನಗೆ ಸ್ತೋತ್ರ. ಈ ಹೊತ್ತು ಕಬ್ಬಿನ ಗದ್ದೆಯಲ್ಲಿ, ಹತ್ತಿ ಹೊಲದಲ್ಲಿ, ಇಟ್ಟಂಗಿ ಭಟ್ಟಿಯಲ್ಲಿ, ಬೇರೆಯವರ ಅಡುಗೆಮನೆಯಲ್ಲಿ ಇರುವ ನಮ್ಮ ಮಕ್ಕಳನ್ನು ನಿನ್ನ ಕೈಯಲ್ಲಿ ಒಪ್ಪಿಸುತ್ತೇವೆ. ಅವರ ತಂದೆತಾಯಿಯ ಭಾರ ಇಳಿಸು. ಸಾಲ ಕೊಟ್ಟವರ ಮನಸ್ಸು ಮುಟ್ಟು. ಶಾಲೆಯ ಮಾಸ್ತರರಿಗೂ ಅಧಿಕಾರಿಗಳಿಗೂ ಧೈರ್ಯ ಕೊಡು. ನಮ್ಮ ಮನೆಗಳಲ್ಲಿ ತಪ್ಪಿದ್ದರೆ ಇವತ್ತೇ ತಿದ್ದು. ನಿನ್ನ ಎಣ್ಣೆ ನಿಲ್ಲದಂತೆ ನಮ್ಮ ಪಾತ್ರೆಗಳನ್ನು ತರುತ್ತೇವೆ, ತುಂಬು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.